ಇದ್ದಿಲು ಬಸ್ಸು ಹೊರಡುವಷ್ಟರಲ್ಲಿ ಒಂದು ಅನುಮಾನ

ಮಧುಗಿರಿಯಿಂದ ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಮೊದಲ ಬಸ್ಸಿಗೆ ಹೊರಡುವ ಹೊತ್ತು ಅಂತ ಒಂದಿಲ್ಲ. ಯುದ್ಧ ಬಂದು ಪೆಟ್ರೋಲು ಸಿಗದಂತಾದ ಮೇಲೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆಯೊಂದನ್ನು ಕಟ್ಟಿದ್ದಾರೆ. ಕ್ಲೀನರು ಅದಕ್ಕೆ ಬೆಂಕಿ ಹಾಕಿ, ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಊದುತ್ತಾನೆ. ಹೊಗೆ ಬರುತ್ತದೆ, ಎಂಜಿನ್ನು ನಡೆಸುವ ಗ್ಯಾಸು ಬರುವುದಿಲ್ಲ. ಪ್ರಯಾಣಿಕರು ಚಳಿಯಲ್ಲಿ ಕಂಬಳಿ ಹೊದ್ದು ಅವನನ್ನೂ ಅವನ ಯಜಮಾನನನ್ನೂ ಬೈಯುತ್ತ ನಿಂತಿರುತ್ತಾರೆ. ಇಡೀ ಊರಿನಲ್ಲಿ ಈ ಬಸ್ಸು ಇನ್ನಷ್ಟು ತಡವಾಗಲಿ ಎಂದು ಹಾರೈಸುವವರು ಇಬ್ಬರೇ. ಒಬ್ಬರು ಸಿದ್ದಗಂಗಮ್ಮ, ಇನ್ನೊಬ್ಬರು ಅವರ ಮಗಳು ಸರೋಜಮ್ಮ.

ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ತಾಯಿ ಮುಂದೆ ಬರುತ್ತಾರೆ, ಮಗಳು ಎರಡು ಹೆಜ್ಜೆ ಹಿಂದೆ. ತಾಯಿಗೆ ಅರವತ್ತು ದಾಟಿದೆ, ಹಣೆ ತುಂಬ ವಿಭೂತಿ, ಗಂಟಲು ಸಂತೆಯಲ್ಲಿ ಪಳಗಿದ್ದು. ಮಗಳಿಗೆ ಮೂವತ್ತರ ಆಸುಪಾಸು. ಕಂಕುಳಲ್ಲಿ ರಟ್ಟು ಕಿತ್ತುಹೋದ ಇಂಗ್ಲಿಷ್ ವ್ಯಾಕರಣದ ಪುಸ್ತಕ, ಮುಖದಲ್ಲಿ ರಾತ್ರಿಯೆಲ್ಲ ನಿದ್ದೆಯಿಲ್ಲದ ಕಳೆ. ಸಿದ್ದಗಂಗಮ್ಮನವರ ಕಣ್ಣು ಕಂಬಳಿಗಳ ಮೇಲೆಲ್ಲ ಓಡಾಡಿ ಒಂದು ಕರಿ ಕೋಟಿನ ಮೇಲೆ ನಿಲ್ಲುತ್ತದೆ.

“ಯಪ್ಪಾ, ವಕೀಲಪ್ಪಾರೇ, ವಸಿ ಇತ್ಲಾಗ್ ಬನ್ನಿ. ನಮ್ಮುಡ್ಗೀಗೆ ಒಂದ್ ಅನುಮಾನ ಬಂದ್ಬುಟ್ಟೈತೆ!”

ಅವರು ವಕೀಲ ವೆಂಕಟರಾಮಯ್ಯ, ಆಗಾಗ ತುಮಕೂರಿನ ಕೋರ್ಟಿಗೆ ಹೋಗಿ ಬರುವವರು. ಕರೆದ ಕೂಡಲೇ ಬರುತ್ತಾರೆ. ಇದು ಅವರಿಗೆ ಹೊಸದಲ್ಲ. “ಇವತ್ತಿಂದು ಏನಮ್ಮ?” ಎಂದು ತಾಯಿಯನ್ನೇ ಕೇಳುತ್ತಾರೆ. ಉತ್ತರ ಬರುವುದು ತಾಯಿಯ ಭುಜದ ಹಿಂದಿನಿಂದ, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

“ಹಾಲು ಒಡೆದುಹೋಯ್ತು ಅನ್ನೋದನ್ನ ಇಂಗ್ಲಿಷಲ್ಲಿ ಹೆಂಗೆ ಹೇಳ್ತಾರೆ ಸ್ವಾಮಿ? ನನ್ನ ಪುಸ್ತಕದಲ್ಲಿ ಮಡಕೆ ಒಡೆಯೋದು ಇದೆ, ಹಾಲು ಒಡೆಯೋದು ಇಲ್ಲ.”

ವಕೀಲರು ಪೇಟ ಸರಿಸಿ ತಲೆ ಕೆರೆದುಕೊಳ್ಳುತ್ತಾರೆ. “ಹಾಲಿನ ಕೇಸು ನನ್ನ ಹತ್ರ ಯಾವತ್ತೂ ಬಂದಿಲ್ಲ ತಾಯಿ. ತುಮಕೂರಲ್ಲಿ ಪಾದ್ರಿಗಳ ಮನೆಯವರು ನನಗೆ ಪರಿಚಯ. ಅವರನ್ನ ವಿಚಾರಿಸ್ಕೊಂಡು ಸಾಯಂಕಾಲ ಹೇಳ್ತೀನಿ.”

“ಸಾಯಂಕಾಲಕ್ಕೆ ಏನು ಪ್ರಯೋಜನ ಸ್ವಾಮಿ? ಅಷ್ಟೊತ್ತಿಗೆ ಸ್ಕೂಲು ತಪಾಸಣೆಯ ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಬಂದು ಹೋಗಿರ್ತಾರೆ” ಎನ್ನುತ್ತಾರೆ ಸರೋಜಮ್ಮ. ಅಷ್ಟರಲ್ಲಿ ಬಸ್ಸು ಕೆಮ್ಮಿ ಎದ್ದು ನಿಲ್ಲುತ್ತದೆ. ವಕೀಲರು ಓಡುತ್ತಾರೆ. ಇವತ್ತಿನ ಅನುಮಾನ ಬಗೆಹರಿಯದೆ ಉಳಿಯುತ್ತದೆ.

ಕೋಟೆ ಬೀದಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಸರೋಜಮ್ಮ ಇಂಗ್ಲಿಷ್ ಮೇಷ್ಟ್ರಮ್ಮ. ಹಾಗೆಂದು ಅವರೆದುರು ಹೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅವರು ತರಬೇತಾದದ್ದು ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸುವುದಕ್ಕೆ. ಹುಟ್ಟಿದ್ದು ಸಿರಾ ತಾಲ್ಲೂಕಿನ ಮದಲೂರಿನಲ್ಲಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಆಮೇಲೆ ಅಳುತ್ತ ಕೂರದೆ ಓದಿ, ಲೋವರ್ ಸೆಕೆಂಡರಿ ಪಾಸು ಮಾಡಿ, ಕೆಲಸಕ್ಕೆ ಸೇರಿದರು. ಆ ಪರೀಕ್ಷೆಯಲ್ಲಿ ಇಂಗ್ಲಿಷೂ ಇತ್ತು. “ಅದ್ರಲ್ಲಿ ನಾನು ಹೆಂಗೆ ದಾಟ್ಕೊಂಡೆ ಅನ್ನೋದು ನಂಗೆ ಗೊತ್ತು, ಆ ಶಿವನಿಗೆ ಗೊತ್ತು” ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಆದರೆ ಸ್ಕೂಲಿನಲ್ಲಿ ಬೇರೆ ಯಾರೂ ಅಷ್ಟನ್ನೂ ದಾಟಿರಲಿಲ್ಲ. ಹೋದ ವರ್ಷ ಸರ್ಕಾರ ಇಲ್ಲಿಗೆ ಪ್ರಯೋಗಾರ್ಥ ಒಂದು ಇಂಗ್ಲಿಷ್ ತರಗತಿ ಕೊಟ್ಟಿತು. ಕಲಿಸಲು ಬಂದ ಬೆಂಗಳೂರಿನ ಯುವತಿ ಮದುವೆ ಗೊತ್ತಾಗಿ ಹೊರಟುಹೋದಳು. ಬೇರೆಯವರನ್ನು ಕಳಿಸಿಕೊಡಿ ಎಂದರೆ, ಯುದ್ಧ ನಡೆಯುತ್ತಿದೆ ಎಂಬ ಉತ್ತರ ಬಂತು. ಮಧುಗಿರಿಯ ಹೆಣ್ಣುಮಕ್ಕಳ ಇಂಗ್ಲಿಷಿಗೂ ಯುದ್ಧಕ್ಕೂ ಏನು ಸಂಬಂಧವೋ ನನಗಂತೂ ತಿಳಿಯದು. ಮುಖ್ಯೋಪಾಧ್ಯಾಯಿನಿ ಸರೋಜಮ್ಮನವರನ್ನು ಕರೆದು ತರಗತಿಯನ್ನು ಅವರ ಕೊರಳಿಗೆ ಕಟ್ಟಿದರು.

“ಮೊದಲ್ನೇ ದಿವಸ ಒಳಗೆ ಹೋಗಿ ನಿಂತೆ. ಎಂಟು ಜನ ಹುಡುಗೀರು ನನ್ನೇ ನೋಡ್ತಾವೆ. ಒಂದೇ ದಿಗಿಲು, ಒಬ್ಬಳು ಎದ್ದು ಏನಾದ್ರೂ ಕೇಳ್ಬುಟ್ರೆ ಗತಿ ಏನು ಅಂತ. ಈಗ್ಲೂ ದಿನಾ ಅದೇ ದಿಗಿಲು ಸ್ವಾಮಿ. ಪಾಠಕ್ಕೆ ಮುಂಚೆ ಅನ್ನ ಒಳಗೆ ಇಳಿಯಲ್ಲ.”

ಇದಕ್ಕೆ ಮೊದಲು ಅವರು ಪಾವಗಡ ಕಡೆಯ ಬಲಸಮುದ್ರದಲ್ಲಿದ್ದರು. ಅಲ್ಲಿನ ಮಕ್ಕಳ ಬಾಯಲ್ಲಿ ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಇವರಿಗೆ ತೆಲುಗಿನ ಗಂಧವೂ ಇರಲಿಲ್ಲ. ದಿನಾ ಬಾವಿಕಟ್ಟೆಗೆ ಹೋಗಿ ನೀರು ಸೇದುವ ಹೆಂಗಸರನ್ನು ಕೇಳಿ ಕೇಳಿ ಕಲಿತರು. “ಗೊತ್ತಿಲ್ದಿದ್ರೆ ಕೇಳೋದು, ನಂಗೆ ಬರೋದು ಅದೊಂದೇ ವಿದ್ಯೆ. ಆದ್ರೆ ಇಂಗ್ಲಿಷ್ ಆಡೋರು ನೀರು ಸೇದೋ ಬಾವಿ ಈ ಊರಲ್ಲಿ ಎಲ್ಲಿದೆ ಹೇಳಿ?”

ಆ ಬಾವಿಯನ್ನು ಹುಡುಕಿಕೊಟ್ಟವರು ತಾಯಿ. ಇಂಗ್ಲಿಷ್ ಬಲ್ಲವರು ಅಂದರೆ ಕೋರ್ಟು ಕಚೇರಿಯವರು. ಅವರೆಲ್ಲ ಒಂದಲ್ಲ ಒಂದು ದಿನ ತುಮಕೂರಿಗೆ ಹೋಗಲೇಬೇಕು. ಬಸ್ಸು ಬಿಸಿಯಾಗುವ ತನಕ ಅವರಿಗೆ ಮಾಡಲು ಕೆಲಸವಿಲ್ಲ. ಸಿದ್ದಗಂಗಮ್ಮ ಇಷ್ಟನ್ನೂ ಲೆಕ್ಕ ಹಾಕಿದ್ದರು. ಗಂಡನಿಲ್ಲದ ಹೆಣ್ಣು ಮುಂಜಾನೆ ಗಂಡಸರ ನಡುವೆ ನಿಂತರೆ ಊರು ಸುಮ್ಮನಿರುತ್ತದೆಯೇ ಎಂದು ಮಗಳು ಹಿಂಜರಿದಳು. ಊರು ಸುಮ್ಮನಿರಲೂ ಇಲ್ಲ.

“ಆಡ್ಕೊಳ್ಳೋರು ಆಡ್ಕೊಳ್ಲಿ ಬುಡಿ” ಎನ್ನುತ್ತಾರೆ ಸಿದ್ದಗಂಗಮ್ಮ. “ಅವ್ಳು ಕರುದ್ರೆ ತಾನೆ ತಪ್ಪು? ಕರಿಯೋಳು ನಾನು. ಈ ವಯಸ್ನಾಗೆ ನನ್ನ ಮ್ಯಾಲೆ ಏನಂತ ಹೇಳಾರು?” ಅಂದಿನಿಂದ ಇಂದಿನವರೆಗೆ ಅವರು ಒಂದು ದಿನವೂ ತಪ್ಪಿಸಿಕೊಂಡಿಲ್ಲ. ಇಂಗ್ಲಿಷಿನ ಒಂದಕ್ಷರ ಬಾರದ ಈ ಮುದುಕಿ ಇಲ್ಲದಿದ್ದರೆ ಮಧುಗಿರಿಯಲ್ಲಿ ಇಂಗ್ಲಿಷ್ ಪಾಠ ಎಂದೋ ನಿಂತುಹೋಗುತ್ತಿತ್ತು ಎಂದು ನಾನು ಧೈರ್ಯವಾಗಿ ಬರೆಯಬಲ್ಲೆ.

ಕಲಿಕೆ ಚೆನ್ನಾಗಿಯೇ ಸಾಗಿತು. ದಿನಕ್ಕೊಂದು ಅನುಮಾನ, ದಿನಕ್ಕೊಂದು ಸಮಾಧಾನ. ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಕಲಿಸುವುದು. ಅಮಲ್ದಾರರ ಕಚೇರಿಯ ಗುಮಾಸ್ತೆ ಸಂಜೀವಯ್ಯನವರು ‘ಹೀಗಾದರೆ ಹಾಗಾಗುತ್ತದೆ’ ಎಂಬ ವಾಕ್ಯಗಳನ್ನು ಹೇಳಿಕೊಟ್ಟರು: ಕಂದಾಯ ಕಟ್ಟದಿದ್ದರೆ ಹೊಲ ಹರಾಜಾಗುತ್ತದೆ. ಭೂತಕಾಲ ಪೊಲೀಸ್ ದಫೇದಾರರಿಂದ ಬಂತು, ಕಳ್ಳನು ಗೋಡೆ ಹಾರಿದನು ಎಂಬಲ್ಲಿಂದ ಹಿಡಿದು. ಕರ್ಮಣಿ ಪ್ರಯೋಗಕ್ಕೆ ವಕೀಲ ವೆಂಕಟರಾಮಯ್ಯನವರೇ ಗುರು. “ಇದಕ್ಕಿಂತ ಒಳ್ಳೇದು ಲೋಕದಲ್ಲಿಲ್ಲ ತಾಯಿ. ಬೇಲಿ ಕಿತ್ತುಹಾಕಲ್ಪಟ್ಟಿತು ಅಂದ್ರೆ ಆಯ್ತು, ಕಿತ್ತವನ ಹೆಸರೇ ಹೇಳಬೇಕಾಗಿಲ್ಲ” ಎಂದು ಅವರು ಖುಷಿಯಿಂದ ಕಲಿಸಿದರಂತೆ.

ಯಾವುದೂ ತಪ್ಪು ಪಾಠವಲ್ಲ. ಸರೋಜಮ್ಮ ಎಲ್ಲವನ್ನೂ ಬಾಯಿಪಾಠ ಮಾಡಿದರು, ಹುಡುಗಿಯರಿಗೂ ಮಾಡಿಸಿದರು. ಎಲ್ಲಿ ಎಡವುತ್ತಿದ್ದೇವೆ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಕಾರ್ತಿಕ ಮಾಸದಲ್ಲಿ ಇನ್‌ಸ್ಪೆಕ್ಟ್ರೆಸ್ ಕಮಲಾಕ್ಷಮ್ಮನವರು ತಪಾಸಣೆಗೆ ಬಂದರು. ತರಗತಿಯನ್ನು ಕಾಯಂ ಮಾಡಬೇಕೋ ಮುಚ್ಚಬೇಕೋ ಎಂದು ಸರ್ಕಾರಕ್ಕೆ ಬರೆಯುವವರು ಅವರೇ. ಹುಡುಗಿಯರಿಗೆ ‘ನನ್ನ ತಾಯಿ’ ಎಂದು ಒಂದು ವಿಷಯ ಕೊಟ್ಟು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಪುರವರ ಕಡೆಯ ಕುರಿ ಸಾಕುವ ಮನೆಯ ಕೆಂಪಕ್ಕ ಎಲ್ಲರಿಗಿಂತ ಮೊದಲು ಬರೆದು ಕೊಟ್ಟಳು. ಅದನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ:

“ಸದರಿ ತಾಯಿಯು ಪುರವರ ಹೋಬಳಿಯಲ್ಲಿ ವಾಸವಾಗಿರುತ್ತಾಳೆ. ಸದರಿಯವಳಿಂದ ಪ್ರತಿದಿನವೂ ರಾಗಿ ಬೀಸಲ್ಪಡುತ್ತದೆ. ಮೇಲ್ಕಂಡ ತಾಯಿಯು ನನ್ನನ್ನು ಪ್ರೀತಿಸುತ್ತಾಳೆಂದು ನಂಬಲು ತಕ್ಕ ಕಾರಣಗಳಿವೆ. ಇದು ನನ್ನ ತಿಳಿವಳಿಕೆಯ ಮಟ್ಟಿಗೆ ನಿಜವಾಗಿರುತ್ತದೆ.”

ಮಿಕ್ಕ ಏಳು ತಾಯಂದಿರೂ ಸದರಿಯವರೇ ಆಗಿದ್ದರು. ಕಮಲಾಕ್ಷಮ್ಮ ಎಲ್ಲವನ್ನೂ ಓದಿ ಮುಗಿಸಿದರು. “ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಇದನ್ನ ಓದಿದರೆ ಹುಡುಗಿ ತಾಯಿ ಮೇಲೆ ದಾವಾ ಹೂಡಿದ ಹಾಗಿದೆಯಲ್ಲ ಸರೋಜಮ್ಮ” ಅಂದರು. ಆಮೇಲೆ ಒಬ್ಬೊಬ್ಬಳನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಮಾತಾಡಿಸಿದರು. ಊಟ ಆಯಿತೇ ಎಂದು ಕೇಳಿದರೂ ಒಬ್ಬಳ ಬಾಯೂ ತೆರೆಯಲಿಲ್ಲ. ಊಟದ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರೂ ಕಲಿಸಿರಲಿಲ್ಲವಲ್ಲ.

“ಸಂಕ್ರಾಂತಿ ಆದ ಮೇಲೆ ಇನ್ನೊಂದು ಸಲ ಬರ್ತೀನಿ. ಅಷ್ಟರಲ್ಲಿ ಈ ಮಕ್ಕಳು ಮನುಷ್ಯರ ಹಾಗೆ ನಾಲ್ಕು ಮಾತು ಆಡದಿದ್ದರೆ, ಮುಚ್ಚಿ ಅಂತ ಬರೆಯದೆ ನನಗೆ ಬೇರೆ ದಾರಿ ಇರೋದಿಲ್ಲ” ಎಂದು ಹೇಳಿ ಹೋದರು. ಆ ಇನ್ನೊಂದು ಸಲ ಎಂಬುದೇ ಇವತ್ತು.

ಅಂದು ಮನೆಗೆ ಹೋದ ಸರೋಜಮ್ಮ ಅಡುಗೆಮನೆಯಲ್ಲಿ ಕೂತು ಅತ್ತರಂತೆ. ತಾಯಿ ಸಮಾಧಾನ ಹೇಳಲಿಲ್ಲ, ರಾಗಿ ಬೀಸುತ್ತ ತಮ್ಮ ಪಾಡಿಗೆ ತಾವು ಮಾತಾಡುತ್ತಿದ್ದರು. ಸಿದ್ದಗಂಗಮ್ಮನವರ ಬಾಯಿ ನಿದ್ದೆಯಲ್ಲಿ ಬಿಟ್ಟರೆ ಸುಮ್ಮನಿರುವುದಿಲ್ಲ. ಕಲ್ಲು ಸವೆದೈತೆ, ಬೆಕ್ಕು ಒಳಗೆ ಬಂತು, ಯಾರೋ ಕರೀತಾವ್ರೆ, ನೋಡು. ಕೇಳುತ್ತ ಕೂತ ಮಗಳಿಗೆ, ಇದರಲ್ಲಿ ಒಂದು ಮಾತನ್ನಾದರೂ ಇಂಗ್ಲಿಷಿನಲ್ಲಿ ಹೇಳಲು ತನಗೆ ಬರುವುದಿಲ್ಲ ಎಂಬುದು ಆಗ ಹೊಳೆಯಿತು.

“ಇಷ್ಟು ದಿನ ಮಕ್ಕಳಿಗೆ ಏನು ಕಲಿಸ್ತಾ ಇದ್ದೆ ನಾನು? ಹರಾಜು, ದಾವಾ, ಕಳ್ಳತನ. ಆ ಮಕ್ಕಳು ಯಾವತ್ತು ಹೊಲ ಹರಾಜು ಹಾಕ್ತಾವೆ?”

ಮರುದಿನದಿಂದ ಕೆಲಸದ ರೀತಿ ಬದಲಾಯಿತು. ತಾಯಿ ಮನೆಯಲ್ಲಿ ಆಡಿದ ಮಾತನ್ನೇ ಹೆಕ್ಕಿಕೊಂಡು, ಗೊತ್ತಿರುವ ವ್ಯಾಕರಣದಲ್ಲಿ ಕೂರಿಸಿ, ಕೂರದಿದ್ದನ್ನು ಬಸ್ ಸ್ಟ್ಯಾಂಡಿಗೆ ತರುವುದು. ಅಲ್ಲಿ ಬಲ್ಲವರು ಕಡಿಮೆಯಾದರು. ಜಾಮೀನು ಎಂದರೆ ಥಟ್ಟನೆ ಉತ್ತರ ಕೊಡುವವರು ಜರಡಿ ಎಂದರೆ ಆಕಾಶ ನೋಡುತ್ತಾರೆ. ಆದರೂ ಯಾರೂ ಮುಖ ತಿರುಗಿಸಲಿಲ್ಲ. ಗೊತ್ತಿಲ್ಲದ್ದನ್ನು ತುಮಕೂರಿಗೆ ಹೊತ್ತೊಯ್ದು, ಅಲ್ಲಿ ಕೇಳಿಕೊಂಡು, ಸಂಜೆ ಬಸ್ಸಿಳಿದವರೇ ಮೇಷ್ಟ್ರಮ್ಮನ ಮನೆ ಮುಂದೆ ನಿಂತು ಕೂಗಿ ಹೇಳಿ ಹೋಗುತ್ತಾರೆ. ಮೊದಲು ಆಡಿಕೊಂಡಿದ್ದ ಊರು ಇದೇ ಎಂದರೆ ನಂಬುವುದು ಕಷ್ಟ.

ಇವತ್ತು ಹತ್ತು ಗಂಟೆಯ ಮೇಲೆ ಸ್ಕೂಲಿನ ಜಗಲಿಯಲ್ಲಿ ನಾನು, ಸಿದ್ದಗಂಗಮ್ಮ ಮತ್ತು ಕೆಂಪಕ್ಕನ ತಂದೆ ಬೋರಪ್ಪ ಕೂತಿದ್ದೇವೆ. ಬೋರಪ್ಪ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಪುರವರದಿಂದ ಮುಂಜಾನೆಯೇ ನಡೆದು ಬಂದಿದ್ದಾನೆ. ಮಗಳು ಈ ಊರಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆ.

“ನಂಗೇನ್ ತಿಳೀತದೆ ಸಾಮಿ. ಇಂಗ್ಲೀಸು ಪಾಸಾದ್ರೆ ಆಸ್ಪತ್ರೆನಾಗೆ ದಾದಿ ಕೆಲ್ಸ ಕಲೀಬೌದು ಅಂದ್ರು ಮೇಷ್ಟ್ರಮ್ಮ. ಹೂಂ ಅಂದೆ. ಇವತ್ತು ಮುಚ್ತೀವಿ ಅಂದ್ರೆ ಇಂಗೇ ಕೈ ಹಿಡ್ಕೊಂಡು ಮನೇಗೆ ಕರ್ಕೊಂಡೋಗ್ಬುಡ್ತೀನಿ. ಗಂಡು ಗೊತ್ತಾಗೈತೆ. ಅವ್ರೆಷ್ಟು ದಿವ್ಸ ಕಾಯ್ತಾರೆ?” ಅವನು ಕೆಟ್ಟವನಲ್ಲ. ಮಗಳ ಹೆಸರು ಒಳಗೆ ಕೇಳಿಸಿದಾಗಲೆಲ್ಲ ಅವನ ಕೈ ಕಂಬಳಿಯ ಅಂಚನ್ನು ಹಿಂಡುತ್ತದೆ.

ಕಮಲಾಕ್ಷಮ್ಮನವರು ಬಂದಿದ್ದಾರೆ. ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತದೆ. ಸರೋಜಮ್ಮ ಗೋಡೆಗೆ ಒರಗಿ ನಿಂತಿದ್ದಾರೆ. ಮೊದಲು ಎದ್ದ ಹುಡುಗಿ ಎರಡು ಮಾತಾಡಿ ಅಳಲು ಶುರುಮಾಡುತ್ತಾಳೆ. ಎರಡನೆಯವಳು ಮೇಷ್ಟ್ರಮ್ಮನ ಮುಖವನ್ನೇ ನೋಡುತ್ತ ನಿಲ್ಲುತ್ತಾಳೆ. ಮೂರನೆಯದಾಗಿ ಕೆಂಪಕ್ಕನ ಹೆಸರು ಬರುತ್ತದೆ.

“ಇವತ್ತು ಬೆಳಿಗ್ಗೆ ಏನು ಮಾಡಿದೆ?” ಎಂದು ಕಮಲಾಕ್ಷಮ್ಮ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಕೆಂಪಕ್ಕ ನೆಲ ನೋಡುತ್ತಾಳೆ. ಬೋರಪ್ಪ ಎದ್ದು ನಿಲ್ಲುತ್ತಾನೆ. ಸರೋಜಮ್ಮನವರ ತುಟಿ ಅಲ್ಲಾಡುತ್ತದೆ, ಆದರೆ ಹೇಳಿಕೊಡುವುದಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಆಗ ಆ ಹುಡುಗಿ ಇಂಗ್ಲಿಷಿನಲ್ಲಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳುತ್ತಾಳೆ.

“ನಾನು ಎದ್ದೆ. ನೀರು ತಂದೆ. ಅತ್ತೆ ಬೈದರು.”

“ಯಾಕೆ ಬೈದರು?”

“ನೀರು ಚೆಲ್ಲಿತ್ತು. ನಾನೇ ಚೆಲ್ಲಿದೆ.”

“ನೋಡಿಕೊಂಡು ಬರಬಾರದೇ?”

“ನಿಮ್ಮನ್ನು ನೆನೆಸಿಕೊಂಡು ಬರುತ್ತಿದ್ದೆ ಅಮ್ಮಾವರೇ. ಕೈ ನಡುಗಿತು.”

ಕಮಲಾಕ್ಷಮ್ಮ ಗಟ್ಟಿಯಾಗಿ ನಗುತ್ತಾರೆ. ನಗುತ್ತಲೇ ಇಂಗ್ಲಿಷಿನಲ್ಲಿ ಇನ್ನೇನೋ ಕೇಳುತ್ತಾರೆ, ಕೆಂಪಕ್ಕ ಅದಕ್ಕೂ ಉತ್ತರ ಕೊಡುತ್ತಾಳೆ. ಅಳುತ್ತಿದ್ದ ಹುಡುಗಿ ಮೂಗು ಒರೆಸಿಕೊಂಡು ಕೈಯೆತ್ತುತ್ತಾಳೆ, ಅವಳಿಗೂ ಹೇಳುವುದಿದೆ, ಅವಳ ಮನೆಯಲ್ಲಿ ನಾಯಿ ಮರಿ ಹಾಕಿದೆ. ಅವರ ಇಂಗ್ಲಿಷಿನಲ್ಲಿ ತಪ್ಪುಗಳಿವೆ, ನನ್ನ ಕಿವಿಗೇ ಕೇಳಿಸುತ್ತವೆ. ಆದರೆ ಆ ಕೋಣೆಯಲ್ಲಿ ಜನ ಒಬ್ಬರೊಡನೊಬ್ಬರು ಮಾತಾಡುತ್ತಿದ್ದಾರೆ.

“ಏನಂದ್ಲು ಸಾಮಿ ನನ್ ಮಗ್ಳು?” ಎಂದು ಬೋರಪ್ಪ ಕೇಳುತ್ತಾನೆ. ಹೇಳುತ್ತೇನೆ. “ಅಷ್ಟೇಯಾ!” ಎಂದು ಪೆಚ್ಚಾಗಿ, ಆಮೇಲೆ ಯಾಕೋ ಕಣ್ಣೊರೆಸಿಕೊಳ್ಳುತ್ತಾನೆ.

ತಪಾಸಣೆ ಮುಗಿಸಿ ಹೊರಗೆ ಬಂದ ಕಮಲಾಕ್ಷಮ್ಮ, ತರಗತಿ ಕಾಯಂ ಆಗಲಿ ಎಂದೇ ಬರೆಯುತ್ತೇನೆ, ಯುದ್ಧವಿದ್ದರೂ ಈ ಸಲ ಬಿಡುವುದಿಲ್ಲ ಎನ್ನುತ್ತಾರೆ. ನಾನು ಸರೋಜಮ್ಮನವರನ್ನು ಹೊಗಳಲು ಹೊರಟರೆ ಕೈಯೆತ್ತಿ ತಡೆಯುತ್ತಾರೆ. “ಪತ್ರಿಕೆಯವರು ತಾವು, ಪೂರ್ತಿ ತಿಳಿದುಕೊಂಡು ಬರೆಯಿರಿ. ಕಾಯಂ ತರಗತಿಗೆ ಬಿ.ಎ. ಆದವರೇ ಬರಬೇಕು, ಕಾನೂನು ಹಾಗಿದೆ. ಆಕೆ ಒಂದನೇ ತರಗತಿಗೆ, ಅಆಇಈ ಹೇಳಿಕೊಡೋದಕ್ಕೆ ವಾಪಸು ಹೋಗ್ತಾರೆ. ಕಾರ್ತಿಕದಲ್ಲೇ ಆಕೆಗೆ ಇದನ್ನ ಹೇಳಿದ್ದೆ.” ಹೇಳಿ ಅವರು ಜಟಕಾ ಹತ್ತುತ್ತಾರೆ. ಮುಖದಲ್ಲಿ ಸಂತೋಷವಿಲ್ಲ.

ಬೇಸಾಯ ಮಾಡಿದವರು ಒಬ್ಬರು, ಬೆಳೆ ಕೊಯ್ಯುವವರು ಇನ್ನೊಬ್ಬರು. ಇದನ್ನು ಬರೆದಿಟ್ಟ ಕಾನೂನಿಗೆ ನಾಚಿಕೆಯಾಗಬೇಕು. ಆದರೆ ನನಗಿಂತ ಹೆಚ್ಚು ಕೆರಳಿದವರು ಪಕ್ಕದಲ್ಲೇ ಇದ್ದಾರೆ. ಸಿದ್ದಗಂಗಮ್ಮನವರಿಗೂ ಈ ಸುದ್ದಿ ಈಗಲೇ ಗೊತ್ತಾದದ್ದು.

“ಲೇ ಸರೋಜಿ! ಕಾರ್ತಿಕದಿಂದ ಗೊತ್ತಿದ್ದೂ ಬಾಯಿ ಬುಟ್ಟಿಲ್ವಲ್ಲೇ? ನಿನ್ನ ಕೆಲ್ಸ ನೀನೇ ಕಳ್ಕೊಳ್ಳಾಕೆ ಆ ಚಳಿನಾಗೆ ನನ್ನ ಕೈಲಿ ಊರ್ ಗಂಡಸ್ರನ್ನೆಲ್ಲ ಕೂಗಿಸ್ತಿದ್ಯಾ? ನಂಗ್ಯಾಕೆ ಹೇಳ್ಲಿಲ್ಲ?”

ಸರೋಜಮ್ಮ ಜಗಲಿಯ ಅಂಚಿನಲ್ಲಿ ಕೂರುತ್ತಾರೆ. ಬೆಳಿಗ್ಗೆಯಿಂದ ಅವರು ಕೂತದ್ದು ಇದೇ ಮೊದಲು.

“ಹೇಳಿದ್ರೆ ನೀನು ಬರ್ತಿದ್ಯಾ ಅವ್ವ?”

ಸಿದ್ದಗಂಗಮ್ಮ ಮಗಳ ಪಕ್ಕದಲ್ಲಿ ಕೂತು ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಾರೆ.

ಬೇಸರವಿಲ್ಲವೇ ಅಮ್ಮ ಎಂದು ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ.

“ಇಲ್ಲ ಅಂದ್ರೆ ಸುಳ್ಳಾಗುತ್ತೆ ಸ್ವಾಮಿ. ಹೋದ ವರ್ಷ ಈ ಕೆಲಸ ಯಾರಾದ್ರೂ ಕಿತ್ಕೊಂಡಿದ್ರೆ ಕಾಲಿಗೆ ಬೀಳ್ತಿದ್ದೆ. ಈಗ ಆ ಮಕ್ಕಳು ಮಾತಾಡೋದು ಕೇಳಿದ ಮೇಲೆ...” ಒಳಗೆ ಹುಡುಗಿಯರ ಗಲಾಟೆ ಇನ್ನೂ ನಿಂತಿಲ್ಲ. ಅತ್ತ ಕಿವಿ ಕೊಟ್ಟು, ಯಾವುದೋ ದೊಡ್ಡ ಉಪಕಾರ ಬೇಡುವವರ ಹಾಗೆ ಅಂಜುತ್ತ ಹೇಳುತ್ತಾರೆ:

“ಪೇಪರಿನಲ್ಲಿ ಬರೆಯೋದಾದ್ರೆ ಒಂದು ಮಾತು ಬರೀರಿ. ಬರೋ ಬಿ.ಎ. ಅಮ್ಮನವರು ಅದನ್ನ ಓದ್ಲಿ. ಒಂದನೇ ತರಗತಿ ಮಕ್ಕಳನ್ನ ಮಧ್ಯಾಹ್ನಕ್ಕೇ ಮನೆಗೆ ಬಿಡ್ತೀವಿ. ಆಮೇಲೆ ನಂಗೆ ಬಿಡುವು. ಅವ್ರು ಪಾಠ ಮಾಡುವಾಗ ಆ ಹುಡುಗೀರ ಹಿಂದೆ, ಕೊನೇ ಮಣೆ ಮೇಲೆ ನಂಗೂ ಒಂದು ಜಾಗ ಕೊಡ್ಲಿ. ನಾನು ಗಲಾಟೆ ಮಾಡಲ್ಲ.”